ಡಿಗ್ರಿ ಮಕ್ಕಳೇ, ಪ್ರಕೃತಿ ಪ್ರಬಂಧ ಬರೆಯುವ ಮುಂಚೆ

ಪ್ರಕೃತಿ ಬಗ್ಗೆ ಅಸೈನ್‌ಮೆಂಟ್ ಅಂದ ಕೂಡಲೇ 'ಪ್ರಕೃತಿ ಮಾತೆಯ ಮಡಿಲು' ಅಂತ ಶುರು ಮಾಡಬೇಡಿ. ಭೂವಿಜ್ಞಾನದ ಪ್ರಬಂಧದಲ್ಲಿ ಹಾಗೆ ಬರೆದು ಪುಟವೆಲ್ಲ ಕೆಂಪು ಶಾಯಿ ಮಾಡಿಸಿಕೊಂಡವನು ನಾನು! ಮೊದಲು ಯಾವ ವಿಷಯದ ಪೇಪರ್ ಅಂತ ನೋಡಿ.

ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನೇ ತಗೊಳ್ಳಿ. ಭೂವಿಜ್ಞಾನಕ್ಕಾದರೆ ನೇರ ಕಲ್ಲುಕಂಬಗಳಿಗೆ ಬನ್ನಿ. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಆ ಕಂಬಗಳಾದವು. ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲ. ಇತಿಹಾಸಕ್ಕಾದರೆ 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದ ಎಂಬ ಮಾತಿದೆಯಲ್ವಾ, ಅದನ್ನು 'ಎಂಬ ನಂಬಿಕೆ' ಅಂತಲೇ ಬರೆಯಿರಿ. ಸಮಾಜಶಾಸ್ತ್ರಕ್ಕೆ ಬೋಟಿನವರನ್ನು ಮಾತಾಡಿಸಿ.

ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಬಿಡುವುದಿಲ್ಲ. ಫೋಟೋ ಬೇಕಿದ್ದರೆ ಮೊದಲೇ ಹೋಗಿ ಬನ್ನಿ.