ಮೊದಲು ಮೊರೆ, ಆಮೇಲೆ ಭರವಸೆ: ಸಾಂತ್ವನದ ಕೂಟ ನಡೆಸಿದ ಅನುಭವ

ಈ ಕೂಟ ಎರಡೇ ತಿಂಗಳಲ್ಲಿ ಮುಚ್ಚಿಹೋಗುತ್ತದೆ ಎಂದು ನಮ್ಮ ಲೂಥರನ್ ಕ್ರೈಸ್ತ ಸಭೆಯ ಹಿರಿಯರಲ್ಲಿ ಮೂವರು ಮುಖದ ಮೇಲೆಯೇ ಹೇಳಿದ್ದರು. ಈಗ ನಾಲ್ಕನೆಯ ವರ್ಷ. ಆ ಮೂವರಲ್ಲಿ ಒಬ್ಬರು ಪ್ರತಿ ವಾರ ಬೇಗ ಬಂದು ಕುರ್ಚಿ ಜೋಡಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಕೂಟ ಎಂದರೆ ಇಷ್ಟೇ: ವಾರಕ್ಕೊಂದು ಸಂಜೆ, ಇಪ್ಪತ್ತೈದು ನಿಮಿಷ, ಸತ್ಯವೇದದ (ಬೈಬಲ್‌ನ) ಕೀರ್ತನೆಗಳ ಪುಸ್ತಕದಿಂದ ಎರಡು ಕೀರ್ತನೆ, ಒಂದು ಹಾಡು, ಕರ್ತನ ಪ್ರಾರ್ಥನೆ, ಆಶೀರ್ವಾದ. ಪ್ರಸಂಗ, ಅಂದರೆ ಉಪದೇಶ, ಇಲ್ಲ. ಸಾಕ್ಷಿ ಹೇಳಿಸುವುದಿಲ್ಲ. "ಈಗ ಹೇಗಿದ್ದೀರಿ" ಎಂದು ಯಾರನ್ನೂ ಎಲ್ಲರೆದುರು ಕೇಳುವುದಿಲ್ಲ. ಬರುವವರು ಮನೆಯಲ್ಲಿ ಸಾವು ಕಂಡವರು, ವಾಸಿಯಾಗದ ಕಾಯಿಲೆಯವರು, ಅಂಥವರನ್ನು ನೋಡಿಕೊಂಡು ಸವೆದುಹೋದವರು.

ಪ್ರಸಂಗವಿಲ್ಲದ ಕೂಟ ಲೂಥರನ್ ಕೂಟ ಹೇಗಾದೀತು ಎಂಬುದೇ ಮೊದಲ ತಕರಾರು. ನಮ್ಮ ಸಭೆಗೆ ಹೆಸರು ಕೊಟ್ಟ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ 1537ರ ಸ್ಮಾಲ್ಕಾಲ್ಡ್ ಸೂತ್ರಗಳೆಂಬ ತಮ್ಮ ನಂಬಿಕೆಯ ಹೇಳಿಕೆಯಲ್ಲಿ, ಸುವಾರ್ತೆ ನಮಗೆ ಯಾವ ಯಾವ ದಾರಿಯಲ್ಲಿ ಬರುತ್ತದೆ ಎಂದು ಎಣಿಸಿದ್ದಾರೆ: ಸಾರೋಣ, ದೀಕ್ಷಾಸ್ನಾನ, ಕರ್ತನ ಭೋಜನ, ಪಾಪಕ್ಷಮೆ ಸಾರುವ ಬೀಗದಕೈಗಳ ಅಧಿಕಾರ, ಕೊನೆಗೆ ಸಹೋದರರು ಒಬ್ಬರೊಡನೊಬ್ಬರು ಮಾತಾಡಿ ಸಂತೈಸಿಕೊಳ್ಳುವುದು. ಈ ಐದನೆಯದನ್ನು ಓದಿ ತೋರಿಸಿದ ಮೇಲೆ ತಕರಾರು ತೆಗೆದವರು ಬಾಯಿ ಮುಚ್ಚಿದರು. ಒಪ್ಪಿದರು ಅಂತಲ್ಲ, ಮುಚ್ಚಿದರು ಅಷ್ಟೇ.

ಮೊದಲ ವರ್ಷದ ಸೋಲಿಗೆ ವಚನದ ಚೀಟಿಗಳೇ ಕಾರಣ. ಚೆಂದದ ಕಾಗದದ ಮೇಲೆ ಒಂದೊಂದು ಸಾಂತ್ವನ ವಚನ, ಸುಮಾರು ಇನ್ನೂರು ಚೀಟಿ. ಆ ವರ್ಷ ನಮಗೆ ಸಿಕ್ಕಿದ ಹಣದಲ್ಲಿ ಹತ್ತಿರಹತ್ತಿರ ಅರ್ಧವನ್ನು ಅವೇ ತಿಂದವು. ಕೊಟ್ಟವರಿಗೆ ಸಮಾಧಾನ, ಪಡೆದವರಿಗೆ ಏನೂ ಇಲ್ಲ. ಸುತ್ತಲಿನ ಗೋಳಿನಿಂದ ಕಿತ್ತು ತಂದ ಒಂದೇ ಸಾಲು ದುಃಖದಲ್ಲಿದ್ದವರ ಕಿವಿಗೆ "ಇನ್ನು ಸಾಕು, ಅಳಬೇಡ" ಎಂದೇ ಕೇಳಿಸುತ್ತದೆ. ಅತಿ ಹೆಚ್ಚು ಹಾನಿ ಮಾಡಿದ್ದು ರೋಮಾಪುರದವರಿಗೆ ಬರೆದ ಪತ್ರದ 8:28, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಎನ್ನುವ ವಚನ. ವಚನದಲ್ಲಿ ದೋಷವಿಲ್ಲ, ಕೊಟ್ಟ ಹೊತ್ತಿನಲ್ಲಿ ದೋಷ. ಮಣ್ಣು ಮಾಡಿ ಬಂದ ವಾರ "ಎಲ್ಲವೂ ಹಿತಕ್ಕಾಗಿ" ಎಂದರೆ ಅದು ಸುವಾರ್ತೆಯ ವೇಷದಲ್ಲಿ ಬಂದ ಧರ್ಮಶಾಸ್ತ್ರ, ಅಂದರೆ ಕೃಪೆಯ ಮಾತಿನಂತೆ ಕಂಡರೂ ತಪ್ಪು ಹೊರಿಸುವ ಮಾತು: ನಿನಗೆ ಹಿತ ಅನಿಸುತ್ತಿಲ್ಲವಾದರೆ ತಪ್ಪು ನಿನ್ನದು, ಅಷ್ಟೇ ಉಳಿಯುತ್ತದೆ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಹೊತ್ತು ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ನಮ್ಮ ಚೀಟಿಗಳು ಎಂಟನೆಯ ದಿನದವು.

ಆಮೇಲೆ ಹಿಡಿದದ್ದು ಜೋಡಿ ಓದು. ಮೊದಲು ಮೊರೆಯಿಡುವ ಕೀರ್ತನೆ ಇಡಿಯಾಗಿ, ಒಂದು ವಚನವನ್ನೂ ಬಿಡದೆ. ನಡುವೆ ಮೌನ. ನಂತರ ಭರವಸೆಯದು. ಶುರು ಮಾಡುವವರಿಗೆ 13ನೆಯ ಕೀರ್ತನೆಗಿಂತ ಒಳ್ಳೆಯದಿಲ್ಲ. ಆರೇ ವಚನ. ಮೊದಲ ಎರಡರಲ್ಲೇ "ಎಷ್ಟರ ತನಕ" ಎಂಬ ಪ್ರಶ್ನೆ ನಾಲ್ಕು ಸಲ: ದೇವರ ಮರೆವಿಗೆ ಒಂದು, ಮರೆಮಾಡಿದ ಮುಖಕ್ಕೆ ಒಂದು, ತನ್ನ ಮನಸ್ಸಿನ ಕುದಿತಕ್ಕೆ ಒಂದು, ಹಗೆಯವನಿಗೆ ಒಂದು. ಐದನೆಯ ವಚನದಲ್ಲಿ ತಿರುವು. ಆ ತಿರುವಿಗೆ ಕಾರಣವೇ ಹೇಳಿಲ್ಲ, ಅದನ್ನು ವಿವರಿಸಲು ಹೋಗಬಾರದು. ನಾಲ್ಕು "ಎಷ್ಟರ ತನಕ"ಗಳನ್ನು ತಮ್ಮ ಬಾಯಿಂದಲೇ ಹೇಳಿದವರು ಐದನೆಯ ವಚನವನ್ನೂ ಹೇಳಬಲ್ಲರು. ಅವಸರಪಟ್ಟು ಐದಕ್ಕೇ ಹಾರಿಸಿದರೆ ಗಂಟಲು ಕಟ್ಟುತ್ತದೆ.

42 ಮತ್ತು 43 ಒಂದೇ ಕೀರ್ತನೆಯಂತೆ ಓದಬೇಕು. ಕುಗ್ಗಿದ ಮನಸ್ಸನ್ನೇ ಮಾತಾಡಿಸುವ ಪಲ್ಲವಿ ಮೂರು ಸಲ ಬರುತ್ತದೆ, ಮೂರನೆಯದು ಇರುವುದು 43ರಲ್ಲಿ. 130ರಲ್ಲಿ ಬೆಳಗಿಗಾಗಿ ಕಾಯುವ ಕಾವಲುಗಾರರ ಮಾತು ಬೆನ್ನುಬೆನ್ನಿಗೆ ಎರಡು ಸಲ ಬರುತ್ತದೆ. ಕೆಲವರು ಅದನ್ನು ಅಚ್ಚಿನ ತಪ್ಪು ಎಂದುಕೊಂಡು ಒಂದೇ ಸಲ ಓದುತ್ತಾರೆ. ಬಿಡಬೇಡಿ. ರಾತ್ರಿಯಿಡೀ ಕಾಯಿಲೆಯವರ ಪಕ್ಕ ಕೂತವರಿಗೆ ಆ ಎರಡನೆಯ ಸಲವೇ ಬೇಕಾಗಿರುವುದು.

ಇನ್ನು 88. ಹದಿನೆಂಟು ವಚನ, ತಿರುವೇ ಇಲ್ಲ, ಕತ್ತಲೆಯಲ್ಲಿ ಮುಗಿಯುತ್ತದೆ. ಎರಡು ವರ್ಷ ಅದನ್ನು ಮುಟ್ಟಲು ಹೆದರಿದ್ದು ನಮ್ಮದೇ ತಪ್ಪು. ಈಗ ವರ್ಷಕ್ಕೆ ಮೂರು ನಾಲ್ಕು ಸಲ ಓದುತ್ತೇವೆ, ಆದರೆ ಕೂಟದಲ್ಲಿ ಮಾತ್ರ. "ಮನೆಯಲ್ಲಿ ಓದಿ" ಎಂದು ಒಂಟಿಯಾಗಿರುವವರ ಕೈಗೆ ಕೊಡುವುದಿಲ್ಲ. ಓದಿದ ಮೇಲೆ ಮೌನ ಎರಡು ನಿಮಿಷವಾದರೂ ಇರಬೇಕು. ಆ ಎರಡು ನಿಮಿಷ ತಡೆಯಲಾರದೆ ಯಾರಾದರೂ ಪ್ರಾರ್ಥನೆ ಶುರುಮಾಡಿಬಿಡುತ್ತಾರೆ, ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನವರೇ. ಅವರಿಗೆ ಮೊದಲೇ ಒಂದು ಕೆಲಸ ಒಪ್ಪಿಸಿ: ಕೈಯಲ್ಲಿ ಗಡಿಯಾರ ಕೊಟ್ಟು, ಎರಡು ನಿಮಿಷವಾದ ಮೇಲೆ 130 ಎತ್ತಿಕೊಳ್ಳುವ ಹೊಣೆ.

ಓದುವ ಬಗೆಯಲ್ಲೇ ಅರ್ಧ ಗೆಲುವು. ಕುರ್ಚಿಗಳು ಎದುರುಬದುರು ಎರಡು ಸಾಲು. ವಚನದ ಮೊದಲರ್ಧ ಎಡಗಡೆ, ಒಂದು ಉಸಿರು ತಡೆ, ಉಳಿದರ್ಧ ಬಲಗಡೆ. ಎಂಟು ವಚನದ 130 ಹೀಗೆ ಓದಿದರೆ ಎರಡೂವರೆ ನಿಮಿಷ ಹಿಡಿಯುತ್ತದೆ. ಒಂದೂವರೆಯಲ್ಲಿ ಮುಗಿದರೆ ಓಡಿದ್ದೀರಿ ಎಂದರ್ಥ. ಬಲಗಡೆಯವರು ತಡೆಯನ್ನು ನುಂಗಿಹಾಕುವುದು ಎಲ್ಲ ಕಡೆಯೂ ಆಗುವ ತೊಂದರೆ. ಪ್ರತಿ ಸಾಲಿಗೊಬ್ಬ ಮುಂದಾಳು ಇದ್ದು, ಅವರು ಕೇಳಿಸುವ ಹಾಗೆ ಉಸಿರೆಳೆದುಕೊಂಡರೆ ಸಾಕು, ಉಳಿದವರು ತಾವಾಗಿಯೇ ಹೊಂದಿಕೊಳ್ಳುತ್ತಾರೆ. ಮೈಕು ಬೇಡ. ಮೈಕಿದ್ದರೆ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ.

ಅವರವರ ಸತ್ಯವೇದ ಅವರವರ ಕೈಯಲ್ಲಿದ್ದರೆ ಎರಡು ಮೂರು ಅನುವಾದ ಸೇರಿ ಸಂತೆಯಾಗುತ್ತದೆ. ಒಂದೇ ಅನುವಾದದ ಹಾಳೆ, ಕನಿಷ್ಠ 16 ಪಾಯಿಂಟ್ ಅಕ್ಷರ, ತಡೆಯುವ ಜಾಗದಲ್ಲಿ ಒಂದು ನಕ್ಷತ್ರ. ಅಳುವ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಮೊದಲ ಅರ್ಧ ನಿಮಿಷ ಹೇಗೆ ಆರಂಭಿಸುತ್ತೇವೆ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಅದೊಂದು ಕ್ರಮವಾಗಿಬಿಡುತ್ತದೆ. ಬೇಕಿದ್ದವರು ಬಂದು ಕೂತು ನೋಡಲಿ.

ಒಬ್ಬೊಬ್ಬರೇ ಮಾಡಿಕೊಳ್ಳುವ ಧ್ಯಾನಕ್ಕೆ 1535ರಲ್ಲಿ ಲೂಥರ್ ತಮ್ಮ ಕ್ಷೌರಿಕ ಪೇತ್ರನಿಗೆ ಬರೆದುಕೊಟ್ಟ ನಾಲ್ಕೆಳೆಯ ವಿಧಾನವಿದೆ: ಬೋಧನೆ, ಸ್ತೋತ್ರ, ಅರಿಕೆ, ಬಿನ್ನಹ. ಅದನ್ನು ಹಾಗೆಯೇ ಕೊಟ್ಟದ್ದು ನಮ್ಮ ಎರಡನೆಯ ಸೋಲು. ದುಃಖ ಹಸಿಯಾಗಿರುವಾಗ ಮೂರನೆಯ ಎಳೆ, ಪಾಪದ ಅರಿಕೆ, ಬೇರೆಯೇ ದಾರಿ ಹಿಡಿಯುತ್ತದೆ: "ಆವತ್ತೇ ಆಸ್ಪತ್ರೆಗೆ ಕರೆದೊಯ್ದಿದ್ದರೆ", "ಆ ಮಾತು ಆಡಬಾರದಿತ್ತು". ಒಬ್ಬರೇ ಕೂತು ಅರಿಕೆ ಮಾಡಿದರೆ ಕ್ಷಮೆಯ ಮಾತು ಹೇಳುವವರು ಎದುರಿಗೆ ಇರುವುದಿಲ್ಲ, ಅದೇ ಕೆಡುಕಿನ ಮೂಲ. ಆದ್ದರಿಂದ ಮೊದಲ ಆರು ತಿಂಗಳು ಮೂರನೆಯ ಎಳೆಯನ್ನು ಧ್ಯಾನದಿಂದ ತೆಗೆದು ಪಾಲಕರ (ಸಭೆಯ ಪಾದ್ರಿಗಳ) ಬಳಿಗೆ ಕಳಿಸಿದೆವು. ಖಾಸಗಿ ಪಾಪನಿವೇದನೆ ನಮ್ಮಲ್ಲಿಲ್ಲ ಎಂದು ತಿಳಿದವರೇ ಹೆಚ್ಚು. ಲೂಥರನ್ ಸಭೆಗಳ ನಂಬಿಕೆಯ ಮೂಲ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಅರಿಕೆಯ 11ನೆಯ ವಿಧಿ ಅದನ್ನು ಉಳಿಸಿಕೊಳ್ಳಬೇಕೆಂದೇ ಹೇಳುತ್ತದೆ, ಎಲ್ಲ ಪಾಪಗಳ ಪಟ್ಟಿ ಒಪ್ಪಿಸಬೇಕಿಲ್ಲ ಎಂದೂ ಹೇಳುತ್ತದೆ. ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು ಹೇಳಿದ ಕ್ಷಮೆಯ ಮಾತು ಭಾನುವಾರ ಎಲ್ಲರಿಗೂ ಸೇರಿಸಿ ಹೇಳಿದ್ದಕ್ಕಿಂತ ಬೇರೆ ರೀತಿ ನಾಟುತ್ತದೆ. ಅಲ್ಲಿ ಆಡಿದ ಮಾತು ಮನೆ ಭೇಟಿಗಳನ್ನು ಬರೆದಿಡುವ ನಮ್ಮ ಪುಸ್ತಕಕ್ಕೆ ಬರಕೂಡದು. ಪಾಲಕರು ಇದರಲ್ಲಿ ಸಡಿಲವಾದರೆ ಕೂಟವನ್ನೇ ನಿಲ್ಲಿಸಿಬಿಡಿ.

ನಿದ್ದೆ ಬಾರದವರಿಗೆ ಲೂಥರರ ಪ್ರಶ್ನೋತ್ತರ ಕೈಪಿಡಿಯಾದ 1529ರ ಚಿಕ್ಕ ಕ್ಯಾಟಿಕಿಸಮ್‌ನ ರಾತ್ರಿ ಪ್ರಾರ್ಥನೆ ಸಾಕು: ಶಿಲುಬೆಯ ಗುರುತು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಬೇಕಾದರೆ ಅಲ್ಲೇ ಕೊಟ್ಟಿರುವ ಕಿರುಪ್ರಾರ್ಥನೆ. ಕೊನೆಗೆ ತಡಮಾಡದೆ ಹರ್ಷದಿಂದ ಮಲಗು ಎಂಬ ಸೂಚನೆಯೂ ಇದೆ. ಮಂಡಿಯೂರಿ, ಇಲ್ಲವೆ ನಿಂತು ಮಾಡಬೇಕು. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದರೆ ಅರ್ಧಕ್ಕೆ ಚಿಂತೆ ನುಗ್ಗುತ್ತದೆ. ಆದರೆ ವಾರಗಟ್ಟಲೆ ನಿದ್ದೆಯಿಲ್ಲದವರನ್ನು, ಬದುಕುವುದೇ ಬೇಡ ಎನ್ನುವವರನ್ನು ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು, ಜೊತೆಗೊಬ್ಬರು ಹೋಗಬೇಕು. ಕೀರ್ತನೆ ಔಷಧಿಗೆ ಬದಲಿಯಲ್ಲ.

ಮನೆ ಭೇಟಿಯಲ್ಲಿ ಎಲ್ಲರೂ ಮೊದಲ ವಾರ ಮುಗಿಬೀಳುತ್ತಾರೆ. ಆರನೆಯ ವಾರ ನೋಡಿದರೆ ಆ ಬಾಗಿಲಲ್ಲಿ ಯಾರೂ ಇಲ್ಲ. ನಮ್ಮವರು ಮೂರನೆಯ ವಾರದಿಂದ ಶುರುಮಾಡುತ್ತಾರೆ: ಮೂರು, ಆರು, ಒಂಬತ್ತನೆಯ ವಾರ, ಆಮೇಲೆ ಆರು ತಿಂಗಳಿಗೆ, ವರ್ಷಕ್ಕೆ. ಇಬ್ಬರು ಹೋಗಬೇಕು, ಮುಕ್ಕಾಲು ಗಂಟೆ ಮೀರಬಾರದು. ಹಿಂದಿನ ಸಲ ಓದಿದ ಕೀರ್ತನೆಯನ್ನೇ ಮತ್ತೆ ಓದಬೇಕು. ಪ್ರತಿ ಸಲ ಹೊಸದು ಹುಡುಕುವ ಚಪಲ ಭೇಟಿ ಕೊಡುವವರದು, ಅದರಿಂದ ದುಃಖದಲ್ಲಿರುವವರಿಗೆ ಉಪಯೋಗವಿಲ್ಲ. ಸತ್ತವರ ಹೆಸರು ಹಿಡಿದು ಮಾತಾಡಬೇಕು. ಸಭಾ ವರ್ಷದ, ಅಂದರೆ ಕ್ರೈಸ್ತ ಹಬ್ಬಗಳ ಪಂಚಾಂಗದ, ಕೊನೆಯ ಭಾನುವಾರ ಆ ವರ್ಷ ತೀರಿಹೋದವರ ಹೆಸರು ಓದುತ್ತೇವೆ. ಜರ್ಮನ್ ರಾಜ್ಯವಾಗಿದ್ದ ಪ್ರಷ್ಯದಲ್ಲಿ 1816ರಲ್ಲಿ ಅರಸನ ಆಜ್ಞೆಯಿಂದ ಬಂದ ಮೃತರ ಭಾನುವಾರ ಅದು. ಹೆಸರುಗಳನ್ನು ತೀರಿಹೋದ ದಿನಾಂಕದ ಪ್ರಕಾರ ಜೋಡಿಸಿ, ಸ್ಥಾನಮಾನದ ಪ್ರಕಾರ ಅಲ್ಲ. ಉಚ್ಚಾರಣೆಯನ್ನು ಹಿಂದಿನ ದಿನವೇ ಮನೆಯವರಿಂದ ಕೇಳಿಕೊಳ್ಳಿ. ಒಂದು ಹೆಸರು ತಪ್ಪಾಗಿ ಓದಿದರೆ ವರ್ಷದ ಕೆಲಸ ನೀರಿನಲ್ಲಿ ಹೋಮ.

ಹಾಸಿಗೆ ಹಿಡಿದವರಿಗೆ ಪಾಲಕರು ಕರ್ತನ ಭೋಜನ ಕೊಡುವಾಗ ಪಾತ್ರೆ, ಬಿಳಿ ಬಟ್ಟೆ ರೋಗಿಯ ಕಣ್ಣಿಗೆ ಕಾಣುವ ಎತ್ತರದಲ್ಲಿರಲಿ. ನುಂಗಲು ಕಷ್ಟವಿದ್ದರೆ ಅಪ್ಪದ (ರೊಟ್ಟಿಯ) ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ನಾಲಗೆಯ ಮೇಲಿಟ್ಟರಾಯಿತು, ಆದರೆ ನೋಡಿಕೊಳ್ಳುವವರನ್ನು ಮೊದಲು ಕೇಳಿ. "ನಿಮಗೋಸ್ಕರ" ಎಂಬ ಮಾತನ್ನು ನಿಧಾನವಾಗಿ, ಮುಖ ನೋಡಿ ಹೇಳಬೇಕು. ಕ್ಯಾಟಿಕಿಸಮ್ ಇಡೀ ಭಾರ ಹಾಕಿರುವುದು ಆ ಒಂದು ಪದದ ಮೇಲೆ. ನೋಡಿಕೊಳ್ಳುವವರಿಗೂ ಅಲ್ಲೇ ಕೊಡಬೇಕು. ಎಷ್ಟೋ ತಿಂಗಳಿಂದ ಆರಾಧನೆಗೆ ಬರಲಾಗದವರು ಅವರೇ.

ದುಡ್ಡಿನ ವಿಷಯ. ಮೊದಲು ಕೂಟದಲ್ಲೇ ಕಾಣಿಕೆ ತಟ್ಟೆ ಹಿಡಿದೆವು, ಬರುವವರು ಮೂರರಲ್ಲೊಂದು ಪಾಲು ಕಡಿಮೆಯಾದರು. ತಟ್ಟೆ ತೆಗೆದ ಮೇಲೆ ಮತ್ತೆ ಬಂದರು. ಈಗ ಸಭೆಯ ವರ್ಷದ ಕಾಣಿಕೆಯಲ್ಲಿ ನೂರಕ್ಕೆ ಮೂರರಷ್ಟು ಸಿಗುತ್ತದೆ. ಅದರಲ್ಲಿ ಸುಮಾರು ಅರ್ಧ ಭೇಟಿಯ ಓಡಾಟಕ್ಕೆ, ಕಾಲುಭಾಗ ಹಾಳೆ ಅಚ್ಚಿಗೆ, ಉಳಿದದ್ದು ಔಷಧಿಯಂಥ ತುರ್ತಿಗೆ. 1523ರಲ್ಲಿ ಜರ್ಮನಿಯ ಲೈಸ್ನಿಗ್ ಊರಿನ ಸಭೆ ಬಡವರಿಗಾಗಿ ಸಾಮಾನ್ಯ ಪೆಟ್ಟಿಗೆ ಇಟ್ಟಾಗ ಅದಕ್ಕೆ ನಾಲ್ಕು ಬೇರೆ ಬೇರೆ ಬೀಗ, ನಾಲ್ಕು ವರ್ಗದವರ ಕೈಯಲ್ಲಿ ಒಂದೊಂದು ಬೀಗದಕೈ. ನಾಲ್ಕು ನಮಗೆ ಹೆಚ್ಚಾಯಿತು, ಎರಡು ಇಟ್ಟುಕೊಂಡೆವು. ಕೀರ್ತನೆ ಓದಲು ಮನೆಗೆ ಹೋದವರು ಹಣ ಕೊಡಬಾರದು ಎಂಬ ನಿಯಮ ಮಾತ್ರ ಬಿಗಿ. ಒಂದೇ ಕೈಯಿಂದ ಎರಡೂ ಬಂದರೆ, ಮುಂದಿನ ಸಲ ಬಾಗಿಲು ತೆರೆಯುವವರಿಗೆ ಮುಜುಗರ.

ಇತರ ಪ್ರಯೋಗಗಳಲ್ಲಿ ಕೀರ್ತನೆಗಳ ಧ್ವನಿಮುದ್ರಣ ನಿಲ್ಲಲಿಲ್ಲ. ಹತ್ತು ಮಾಡಿದೆವು, ಎರಡನ್ನು ಮಾತ್ರ ಕೇಳಿದರು, ಅದೂ ಓದಿದವರ ಪರಿಚಯ ಇದ್ದವರು. ಹಾಡು ನಿಂತಿತು. ಗದ್ಗದ ಗಂಟಲು ಮೇಲಿನ ಸ್ವರ ಮುಟ್ಟುವುದಿಲ್ಲ, ಆದ್ದರಿಂದ ಪುಸ್ತಕದ ಶ್ರುತಿಗಿಂತ ಎರಡು ಸ್ವರ ಕೆಳಗೆ ಹಿಡಿಯಬೇಕು. 130ನೆಯ ಕೀರ್ತನೆಯ ಮೇಲೆ ಲೂಥರ್ ಕಟ್ಟಿದ ಹಾಡಿನ ರಾಗ ಮೊದಲ ಹೆಜ್ಜೆಯಲ್ಲೇ ಐದು ಸ್ವರ ಕೆಳಕ್ಕೆ ಬಿದ್ದು ಕೂಡಲೇ ಮೇಲೇಳುತ್ತದೆ. ವಾದ್ಯವಿಲ್ಲದೆ ಹಾಡಿದರೆ ಆ ಬೀಳುವಿಕೆಯಲ್ಲಿ ಶ್ರುತಿ ಜಾರುತ್ತದೆ. ಜಾರಲಿ ಬಿಡಿ. 46ನೆಯ ಕೀರ್ತನೆಯ ಮೇಲೆ ಅವರೇ ಕಟ್ಟಿದ ಹಾಡನ್ನು ಈ ಕೂಟಕ್ಕೆ ತರಬೇಡಿ, ಅದು ಎದ್ದು ನಿಂತವರ ಹಾಡು. ಕೀರ್ತನೆಯನ್ನು ಮಾತ್ರ ಓದಿ.

ಒಬ್ಬರು ಬಂದು ವರ್ಷ ಕಳೆದ ಮೇಲೆ ಅವರನ್ನು ಪಟ್ಟಿಯಿಂದ ತೆಗೆಯುವುದಿಲ್ಲ, ಸಾಲಿನ ಮುಂದಾಳಿನ ಕುರ್ಚಿಗೆ ಕರೆಯುತ್ತೇವೆ. ಅರ್ಧದಷ್ಟು ಜನ ಒಲ್ಲೆ ಎನ್ನುತ್ತಾರೆ, ಒತ್ತಾಯವಿಲ್ಲ. ಬಲಗಡೆ ಸಾಲಿಗೆ ಈಗ ಉಸಿರೆಳೆದು ತೋರಿಸುವವರು ಮೊದಲ ಮೂರು ತಿಂಗಳು ಹಾಳೆಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಕೂತಿದ್ದವರು.