ಸ್ಲಾವ್ ಹೆಸರುಗಳ ಸಮಾಸ ಬಿಡಿಸಿದ್ದು

ನನ್ನನ್ನು ಆಡಿಕೊಳ್ಳುತ್ತಿದ್ದ ಹಿರಿಯ ಅನುವಾದಕರೊಬ್ಬರು ಹೋದ ತಿಂಗಳು ಸ್ಲಾವ್ ಜನರ, ಅಂದರೆ ರಷ್ಯನ್ನರು, ಪೋಲಿಷರು, ಸರ್ಬಿಯನ್ನರಂಥವರ, ಇಪ್ಪತ್ತು ಗಂಡುಹೆಸರು ಬರೆದುಕೊಟ್ಟು, 'ಕೋಶ ಮುಟ್ಟದೆ ಬಿಡಿಸಪ್ಪ ನೋಡೋಣ' ಅಂದರು. ಹದಿನೇಳೋ ಹದಿನೆಂಟೋ ಸರಿಬಂದವು. ಅವತ್ತಿನ ಕಾಫಿ ಅವರದೇ.

ನನ್ನದು ಬರೀ ವಿಗ್ರಹವಾಕ್ಯದ ದಾರಿ, ಸಮಾಸವನ್ನು ಪದಪದವಾಗಿ ಬಿಡಿಸುವುದು; ಉತ್ತರಪದ, ಅಂದರೆ ಕೊನೆಯ ಪದ, ಮೊದಲು. ಸ್ವ್ಯಾತೊಸ್ಲಾವ್, ಯಾರೊಸ್ಲಾವ್‌ಗಳ 'ಸ್ಲಾವ್' ಅಂದರೆ ಕೀರ್ತಿ, ವೇದದ 'ಶ್ರವಸ್'ನ ದಾಯಾದಿ. ಬೊಗ್ದಾನ್ ನೆಟ್ಟಗೆ ನಮ್ಮ ದೇವದತ್ತ. ಕಾಜಿಮಿರ್ ಮಾತ್ರ ನಗು ತರಿಸಿದ: ಶಾಂತಿ ಕೆಡಿಸುವವ! ಪೋಲೆಂಡಿನ ರಾಜರು ಅದನ್ನೇ ಹೆಮ್ಮೆಯಿಂದ ಇಟ್ಟುಕೊಂಡರು.

ಪೆಟ್ಟು ತಿಂದದ್ದು ವ್ಲಾದಿಮಿರ್‌ನಿಂದ. ಇವತ್ತಿನ ರಷ್ಯನ್‌ನಲ್ಲಿ 'ಮಿರ್' ಲೋಕವೂ ಹೌದು, ಶಾಂತಿಯೂ ಹೌದು. ಒಂದು ಅನುವಾದದಲ್ಲಿ 'ಜಗದೊಡೆಯ' ಅಂತ ಅಡಿಟಿಪ್ಪಣಿ ಹಾಕಿದೆ, ಅಚ್ಚೂ ಆಯಿತು. ಹಳೇ ಬರಹದಲ್ಲಿ ಅದು 'ಮೇರ್', ಅಂದರೆ ದೊಡ್ಡವ, ಹೆಸರುವಾಸಿ. ಅರ್ಥ ಮರೆತ ಜನ ಆಮೇಲೆ 'ಮಿರ್' ಮಾಡಿಕೊಂಡರು. ತಿದ್ದೋಲೆ ಅಚ್ಚುಹಾಕಿಸಿದ ಖರ್ಚು ಅಂತ ನನ್ನ ಸಂಭಾವನೆಯಲ್ಲಿ ಮೂರು ಸಾವಿರದಷ್ಟು ಹೋಯಿತು. ಆಗ ಪುಟಕ್ಕೆ ಸಿಗುತ್ತಿದ್ದದ್ದೇ ಎಂಬತ್ತು ರೂಪಾಯಿ.

ಇಗೊರ್, ಒಲೆಗ್ ಸೀಳಲು ಒಂದು ವಾರ ಹಾಳುಮಾಡಿದೆ. ಅವು ಸ್ಲಾವ್ ಹೆಸರೇ ಅಲ್ಲ. ಸ್ಕ್ಯಾಂಡಿನೇವಿಯದ ಇಂಗ್ವಾರ್, ಹೆಲ್ಗಿ ದೋಣಿ ಹತ್ತಿ ಬಂದು ವೇಷ ಬದಲಿಸಿದ್ದು. ಇವಾನ್ ಹೀಬ್ರೂ ಮೂಲದವನು, ಕ್ರೈಸ್ತಧರ್ಮದ ಜೊತೆ ಬಂದವನು. 988ರಲ್ಲಿ ದೀಕ್ಷೆ ಪಡೆದ ಕೀವ್‌ನ ವ್ಲಾದಿಮಿರ್‌ಗೇ ವಸೀಲಿ ಅಂತ ಗ್ರೀಕ್ ಹೆಸರಿಟ್ಟರು. ಈಗ ಕತ್ತರಿ ಹಿಡಿಯುವ ಮೊದಲು ಯಾರ ಮನೆಯವನಪ್ಪಾ ನೀನು ಅಂತ ವಿಚಾರಿಸುತ್ತೇನೆ.

ನಡುವೆ ಸರ್ಬಿಯಾ ಕಡೆಗೂ ಹೊರಳಿದೆ. ವುಕ್ ಅಂದರೆ ತೋಳ, ಸಂಸ್ಕೃತದ ವೃಕ. 1787ರಲ್ಲಿ ಹುಟ್ಟಿದ ಭಾಷಾಪಂಡಿತ ವುಕ್ ಕರಾಜಿಚ್‌ಗೆ, ಅವನಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯದ್ದಕ್ಕೇ ಆ ಹೆಸರು. ತೋಳನನ್ನು ಮಾಟಗಾತಿ ಮುಟ್ಟಳು ಅಂತ. ರಷ್ಯನ್ನರ ನೆಕ್ರಾಸ್, ಅಂದರೆ ಚೆಂದವಿಲ್ಲದವನು, ಅದೂ ದೃಷ್ಟಿ ತಾಗದಿರಲಿ ಅಂತಲೇ. ತಿಪ್ಪೆಯಲ್ಲಿ ಉರುಳಿಸಿ ತಿಪ್ಪ ಅಂತ ಕರೆದ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ದಕ್ಷಿಣದ ಸ್ಲಾವ್ ಭಾಷೆಗಳ 'ವ್ಲಾದ್', ಅಂದರೆ ಆಳು, ರಷ್ಯನ್‌ನಂಥ ಪೂರ್ವದ ಭಾಷೆಗಳಲ್ಲಿ 'ವೊಲೊದ್' ಆಗುತ್ತದೆ. ವ್ಸೆವೊಲೊದ್, ಎಲ್ಲವನ್ನೂ ಆಳುವವ. ಸ್ವರ ಹೀಗೆ ಹಿಗ್ಗುವ ಕಡೆಗೆ ನನ್ನದೊಂದು ಕೋಷ್ಟಕವಿದೆ. ಎರಡು ವರ್ಷದ ನಿದ್ದೆ ಕೊಟ್ಟು ಮಾಡಿದ್ದು, ಇಲ್ಲಿ ಹಾಕಲ್ಲ.

ಪರೀಕ್ಷೆಯಲ್ಲಿ ಎಡವಿದ್ದರಲ್ಲಿ ಬೊರಿಸ್ ಒಬ್ಬ. ಹೋರಾಟದ 'ಬೊರ್' ಅಂದೆ. 9ನೇ ಶತಮಾನದ ಬಲ್ಗೇರಿಯಾದ ದೊರೆಯ ಹೆಸರು, ತುರ್ಕಿಕ್ ಮೂಲ ಅಂತ ಅವರು. ಬೊರಿಸ್ಲಾವ್‌ನ ಮೊಟಕು ಯಾಕಾಗಬಾರದು ಅಂತ ನಾನಿನ್ನೂ ಪಟ್ಟು ಬಿಟ್ಟಿಲ್ಲ.