ಫೋನ್ ಕೈಕೊಟ್ಟರೂ ಲಾಗಿನ್ ಆಗಬೇಕಾ? ಕೋಡ್ ಎರಡು ಕಡೆ ಇಟ್ಟುಕೊಳ್ಳಿ

ಫೋನ್ ಪಕ್ಕದ ರೂಮಲ್ಲಿ ಚಾರ್ಜಿಗಿದೆ, ಇಲ್ಲಿ ಕಂಪ್ಯೂಟರ್ ಆರಂಕಿಯ ಕೋಡ್ ಕೇಳುತ್ತಿದೆ. ಎದ್ದು ಹೋಗಿ ತಂದರಾಯಿತು. ಆದರೆ ಫೋನೇ ಬಿದ್ದು ಒಡೆದರೆ? ನಾನು ಹಾಗೆ ಒಮ್ಮೆ ಮೂರು ದಿನ ನನ್ನದೇ ಮೇಲ್ ತೆರೆಯಲಾಗದೆ ಕೂತಿದ್ದೆ, ತಪ್ಪು ಪೂರ್ತಿ ನನ್ನದೇ.

ಈ ಕೋಡ್ ತೋರಿಸುವ ಆಥೆಂಟಿಕೇಟರ್ ಆಪ್‌ಗೆ ಅದನ್ನು ಯಾರೂ ಕಳಿಸುವುದಿಲ್ಲ, ಅದೇ ಲೆಕ್ಕ ಹಾಕುತ್ತದೆ. ಅಕೌಂಟಿಗೆ ಟು-ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆ ಕೋಡೂ ಕೇಳುವ ಏರ್ಪಾಡು, ಹಾಕುವಾಗ ನೀವು ಸ್ಕ್ಯಾನ್ ಮಾಡುವ ಕ್ಯೂಆರ್‌ನೊಳಗೆ ಒಂದು ಗುಟ್ಟಿನ ಕೀ ಇರುತ್ತದೆ. ಆ ಕೀಗೆ ಆ ಹೊತ್ತಿನ ಸಮಯ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್ ಹುಟ್ಟುತ್ತದೆ. ಇಂಟರ್ನೆಟ್ಟೂ ಬೇಡ. ಅಂದರೆ ಒಂದೇ ಕೀ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಇದ್ದರೆ ಎರಡೂ ಕಡೆ ಒಂದೇ ಕೋಡ್ ಬರುತ್ತದೆ, ಅಷ್ಟೇ ಗುಟ್ಟು.

ಹಾಗಾಗಿ ಫೋನಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ಆ ಕ್ಯೂಆರ್ ಇರುವ ಪುಟ ಮುಚ್ಚಬೇಡಿ. ಸ್ಕ್ಯಾನ್ ಮಾಡಲಾಗದವರಿಗೆ ಅಂತ ಅಲ್ಲೇ ಒಂದು ಲಿಂಕ್ ಇರುತ್ತದೆ, ಒತ್ತಿದರೆ ಕೀ ಅಕ್ಷರಗಳಲ್ಲೇ ಕಾಣಿಸುತ್ತದೆ, ಅದನ್ನು ಕಂಪ್ಯೂಟರಿನ ಕೀಪಾಸ್‌ಎಕ್ಸ್‌ಸಿಯಂಥ ಆಪ್‌ಗೆ ಹಾಕಿ, ಎರಡೂ ಕಡೆ ಅಂಕಿ ಒಂದೇ ಇದೆಯಾ ನೋಡಿ, ಆಮೇಲೆ ಮುಂದಿನ ಬಟನ್ ಒತ್ತಿ. ಕ್ಯೂಆರ್‌ನ ಸ್ಕ್ರೀನ್‌ಶಾಟ್ ಮಾತ್ರ ಗ್ಯಾಲರಿಯಲ್ಲಿ ಬಿಡಬೇಡಿ, ಅದು ಕೀಯ ನಕಲೇ ಅಲ್ವಾ.

ಹಳೇ ಅಕೌಂಟುಗಳಿಗೆ? ಆಪ್‌ನಲ್ಲಿ ಎಕ್ಸ್‌ಪೋರ್ಟ್, ಅಂದರೆ ಕೀಗಳನ್ನು ಬೇರೆ ಆಪ್‌ಗೆ ಒಯ್ಯುವ ಸೌಲಭ್ಯ, ಇದ್ದರೆ ಸುಲಭ. ಇಲ್ಲದಿದ್ದರೆ ಒಂದೊಂದೇ ಅಕೌಂಟಿನಲ್ಲಿ ಟು-ಫ್ಯಾಕ್ಟರ್ ತೆಗೆದು ಮತ್ತೆ ಹಾಕಬೇಕು. ಬೇಜಾರಿನ ಕೆಲಸ, ಮೇಲ್‌ನಿಂದ ಶುರುಮಾಡಿ.

ಇಷ್ಟೆಲ್ಲಾ ಬೇಡ, ತಾನೇ ಸಿಂಕ್ ಆಗಲಿ ಅನ್ನುವವರಿಗೆ ಎಂಟೆ ಆಥ್ ಎಂಬ ಆಥೆಂಟಿಕೇಟರ್ ಆಪ್ ಇದೆ. ಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಗೂಗಲ್ ಆಥೆಂಟಿಕೇಟರ್‌ಗೂ 2023ರಲ್ಲಿ ಸಿಂಕ್ ಬಂತು, ಆದರೆ ಅದಕ್ಕೆ ಕಂಪ್ಯೂಟರ್ ಆಪ್ ಇಲ್ಲ. ಇಂಥದ್ದೇ ಇನ್ನೊಂದಾದ ಆಥಿಯ ಕಂಪ್ಯೂಟರ್ ಆಪ್ 2024ರ ಮಾರ್ಚ್‌ನಲ್ಲಿ ನಿಂತೇಹೋಯಿತು. ಅದಕ್ಕೇ ನಾನು ಯಾವುದೇ ಆಪ್ ಹಾಕುವ ಮುಂಚೆ ಎಕ್ಸ್‌ಪೋರ್ಟ್ ಇದೆಯಾ ಅಂತ ನೋಡುತ್ತೇನೆ.

ಪಾಸ್‌ವರ್ಡ್, ಕೋಡ್ ಎರಡನ್ನೂ ಒಂದೇ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಡಬಹುದು, ಸುಖ ಜಾಸ್ತಿ. ಆದರೆ ಅದು ಯಾರ ಕೈಗಾದರೂ ಸಿಕ್ಕರೆ ಎರಡೂ ಹೋದವು. ಮುಖ್ಯವಾದ ಮೇಲ್‌ನ ಕೋಡನ್ನಾದರೂ ಬೇರೆ ಆಪ್‌ನಲ್ಲಿ ಇಡಿ. ಮ್ಯಾನೇಜರಿನ ಸ್ವಂತ ಕೋಡನ್ನು ಅದರೊಳಗೇ ಇಡುವುದಂತೂ ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಕೋಡ್ ಸರಿಯಿದ್ದೂ ತಪ್ಪು ಅಂತ ಬರುತ್ತಿದೆಯಾ? ಗಡಿಯಾರ ನೋಡಿ, ಸಮಯವನ್ನು ಆಟೋಮ್ಯಾಟಿಕ್‌ಗೆ ಹಾಕಿ.

ಇನ್ನು ಬ್ಯಾಕಪ್ ಕೋಡುಗಳು, ಆಪ್ ಕೈಗೆ ಸಿಗದಾಗ ಅದರ ಕೋಡಿನ ಬದಲು ಹಾಕುವಂಥವು. ಗೂಗಲ್ ಒಮ್ಮೆಗೆ 10 ಕೊಡುತ್ತದೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಕಾಗದದಲ್ಲಿ ಬರೆದು ಮನೆಯಲ್ಲಿಡಿ.

ಎಲ್ಲ ಮುಗಿದ ಮೇಲೆ ಫೋನ್ ಆಫ್ ಮಾಡಿ, ಬ್ರೌಸರಿನ ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ. ಹಳೇ ಫೋನ್ ಅಳಿಸುವುದೇನಿದ್ದರೂ ಇದು ಆದಮೇಲೆ.